ತೋಳಿನ ಮೂಳೆ ಮುರಿದರೆ ಆಯಸ್ಸು ಕಡಿಮೆಯಾಗುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ 76 ವರ್ಷ. ಆರು ದಿನಗಳ ಹಿಂದೆ ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಬಿದ್ದು, ಎಡತೋಳಿನ ಮೂಳೆ ಭುಜದ ಹತ್ತಿರ ಮುರಿದಿದೆ. ಒಬ್ಬ ವೈದ್ಯರು ಪ್ಲೇಟು ಹಾಕಬೇಕು ಎಂದರು, ಇನ್ನೊಬ್ಬರು ಕೈಯನ್ನು ಜೋಳಿಗೆ ಪಟ್ಟಿಯಲ್ಲಿ ಇಟ್ಟರೆ ಸಾಕು ಎಂದರು. ಅಮ್ಮನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೆ. ರಾತ್ರಿ ನಿದ್ರೆಗೂ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ನಮ್ಮ ಬೀದಿಯಲ್ಲೇ 81 ವರ್ಷದ ಹಿರಿಯರೊಬ್ಬರು ಇದೇ ಮೂಳೆ ಮುರಿದುಕೊಂಡು ನಾಲ್ಕು ತಿಂಗಳಲ್ಲಿ ತೀರಿಕೊಂಡರು. ಆಪರೇಷನ್ ಮಾಡಿಸದಿದ್ದರೆ ಜೀವಕ್ಕೇ ಅಪಾಯ ಎಂದು ಸಂಬಂಧಿಕರು ಹೆದರಿಸುತ್ತಿದ್ದಾರೆ. ಕೈ ಮುರಿದರೆ ಜೀವ ಹೋಗುವುದು ನಿಜವೇ? — ಓದುಗರು, ದಾವಣಗೆರೆ

ಉತ್ತರ: ಭುಜದ ಬಳಿ ತೋಳಿನ ಮೂಳೆ ಮುರಿದುಕೊಂಡ ಹಿರಿಯರಲ್ಲಿ ಮೊದಲ ವರ್ಷದೊಳಗೆ ತೀರಿಕೊಳ್ಳುವವರು, ಬೇರೆ ಬೇರೆ ದೇಶಗಳ ಅಧ್ಯಯನಗಳ ಪ್ರಕಾರ, ಸುಮಾರಾಗಿ ನೂರಕ್ಕೆ 5ರಿಂದ 10 ಮಂದಿ. ತೊಡೆಮೂಳೆಯ ಕುತ್ತಿಗೆ ಮುರಿದಾಗ, ಅಂದರೆ ಜನ ಸೊಂಟ ಮುರಿಯಿತು ಎನ್ನುವಾಗ, ಇದು ನೂರಕ್ಕೆ 20ರಿಂದ 30ರಷ್ಟು ಇರುತ್ತದೆ. ತೋಳಿನ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿದರೆ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಮರುವರ್ಷ ಇದೇ ದಿನ ನಮ್ಮೊಡನೆ ಇರುತ್ತಾರೆ. ಆ ಐದು-ಹತ್ತರಲ್ಲಿಯೂ ಕೆಲವರು ಕೈ ಮುರಿಯದೇ ಇದ್ದಿದ್ದರೂ ಆ ವರ್ಷ ತೀರಿಕೊಳ್ಳುತ್ತಿದ್ದರು ಎಂಬುದನ್ನು ಮರೆಯಬಾರದು. ಎಪ್ಪತ್ತೈದು ದಾಟಿದ ಯಾವ ನೂರು ಜನರನ್ನು ತೆಗೆದುಕೊಂಡರೂ ವರ್ಷಕ್ಕೆ ಕೆಲವರು ಹೋಗುವುದು ಇದ್ದದ್ದೇ. ಹಾಗೆಂದು ಅಪಾಯವೇ ಇಲ್ಲ ಎಂದು ಹೇಳಿದರೆ ನಾನು ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಅದೇ ವಯಸ್ಸಿನ ಇತರರಿಗಿಂತ ತೋಳಿನ ಮೂಳೆ ಮುರಿದವರಲ್ಲಿ ಸಾವು ಸ್ವಲ್ಪ ಹೆಚ್ಚು. ಆ ಹೆಚ್ಚಳಕ್ಕೆ ಕಾರಣ ಎಕ್ಸ್‌ರೇಯಲ್ಲಿ ಕಾಣುವ ಮುರಿತವಲ್ಲ. ನಿಮ್ಮ ಪತ್ರದಲ್ಲಿ ನನ್ನ ಗಮನವನ್ನು ಮೊದಲು ಸೆಳೆದದ್ದು ಕೂಡ ಪ್ಲೇಟಿನ ವಿಚಾರವಲ್ಲ, ‘ಬೆಳಗಿನ ಜಾವ’ ಮತ್ತು ‘ನಿದ್ರೆ ಮಾತ್ರೆ’ ಎಂಬ ಎರಡು ಮಾತುಗಳು.

ಬೀಳುವ ರೀತಿಯಲ್ಲೇ ಎಷ್ಟೋ ವಿಷಯ ಅಡಗಿದೆ. ಗಟ್ಟಿಮುಟ್ಟಾದ ಅರವತ್ತರ ಹೆಂಗಸು ಎಡವಿದರೆ ಆಕೆಯ ಕೈ ತಾನಾಗಿ ಮುಂದೆ ಚಾಚುತ್ತದೆ, ಅಂಗೈ ನೆಲಕ್ಕೆ ಊರುತ್ತದೆ, ಮಣಿಕಟ್ಟು ಮುರಿಯುತ್ತದೆ. ಕೈ ಚಾಚುವಷ್ಟು ಚುರುಕು ಉಳಿದಿರದಿದ್ದರೆ ದೇಹ ಪಕ್ಕಕ್ಕೆ ವಾಲಿ ಭುಜವೇ ನೆಲಕ್ಕೆ ಬಡಿಯುತ್ತದೆ. ಇನ್ನೂ ನಿತ್ರಾಣವಾಗಿದ್ದರೆ ನಿಂತಲ್ಲೇ ಕುಸಿದು ಸೊಂಟದ ಮೇಲೆ ಬೀಳುತ್ತಾರೆ. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಮೂಳೆ ಮುರಿದುಕೊಂಡ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮೆಟ್ಟಿಲುಗಳು ಸ್ಪಷ್ಟವಾಗಿ ಕಾಣುತ್ತವೆ. ಮುಂಗೈ ಮುರಿದವರ ಆಯಸ್ಸು ಹೆಚ್ಚುಕಡಿಮೆ ಎಲ್ಲರಂತೆಯೇ ಇತ್ತು. ಭುಜದ ಬಳಿ ಮುರಿದವರಲ್ಲಿ ಸಾವು ಸಾಮಾನ್ಯಕ್ಕಿಂತ ಹೆಚ್ಚಿತ್ತು. ಸೊಂಟ ಮತ್ತು ಬೆನ್ನುಮೂಳೆಯಲ್ಲಿ ಅದಕ್ಕಿಂತಲೂ ಹೆಚ್ಚು. ಆಸ್ಟ್ರೇಲಿಯಾದ ಡಬ್ಬೋ ಎಂಬ ಊರಿನಲ್ಲಿ 1989ರಿಂದ ಹಿರಿಯರ ಮೂಳೆಗಳ ಮೇಲೆ ನಡೆದ ದೀರ್ಘ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. ಸಣ್ಣ ಪೆಟ್ಟಿಗೆ ದೊಡ್ಡ ಮೂಳೆ ಮುರಿದವರಲ್ಲಿ ಸಾವಿನ ಅಪಾಯ ಸುಮಾರು ಐದು ವರ್ಷ ಹೆಚ್ಚಾಗಿಯೇ ಇತ್ತು, ಗಂಡಸರಲ್ಲಿ ಹೆಂಗಸರಿಗಿಂತ ಜಾಸ್ತಿ.

ಗಂಡಸರಲ್ಲಿ ಏಕೆ ಜಾಸ್ತಿ? ಗಂಡಸರ ಮೂಳೆ ಸಾಮಾನ್ಯವಾಗಿ ದಪ್ಪ. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಅದು ಮುರಿಯಿತೆಂದರೆ ಒಳಗೆ ಬೇರೇನೋ ನಡೆದಿರುವ ಸಾಧ್ಯತೆ ಹೆಚ್ಚು: ವರ್ಷಗಳ ಬೀಡಿ, ಮದ್ಯ, ಶ್ವಾಸಕೋಶದ ಕಾಯಿಲೆ, ಅದಕ್ಕೆ ತೆಗೆದುಕೊಂಡ ಸ್ಟೀರಾಯ್ಡ್. ನಮ್ಮಲ್ಲಿ ಅಜ್ಜಿ ಬಿದ್ದರೆ ಮೂಳೆ ಸವೆದಿದೆ ಎನ್ನುತ್ತೇವೆ, ಅಜ್ಜ ಬಿದ್ದರೆ ಕಾಲು ಜಾರಿತು ಎಂದು ಸುಮ್ಮನಾಗುತ್ತೇವೆ. ಅಜ್ಜನನ್ನೇ ಹೆಚ್ಚು ಪರೀಕ್ಷಿಸಬೇಕಾದದ್ದು.

ಹಾಗಾದರೆ ಆ ಕೆಲವರು ಯಾವುದರಿಂದ ಸಾಯುತ್ತಾರೆ? ಮುರಿದ ತೋಳಿನಿಂದ ನೇರವಾಗಿ ಸಾಯುವವರು ತೀರ ಅಪರೂಪ. ನ್ಯುಮೋನಿಯಾ, ಹೃದಯಾಘಾತ, ಪಾರ್ಶ್ವವಾಯು, ಕೈಕೊಡುವ ಮೂತ್ರಪಿಂಡ, ಇನ್ನೊಮ್ಮೆ ಬಿದ್ದು ಸೊಂಟ ಮುರಿಯುವುದು, ಇವೇ ಸಾಮಾನ್ಯ ಕಾರಣಗಳು. ಮರೆವಿನ ಕಾಯಿಲೆ, ಹೃದಯದ ದೌರ್ಬಲ್ಯ, ಮೂತ್ರಪಿಂಡದ ತೊಂದರೆ, ರಕ್ತಹೀನತೆ, ಮೊದಲೇ ಇಳಿದುಹೋಗಿರುವ ತೂಕ ಇವು ಇದ್ದವರಲ್ಲಿ ಅಪಾಯ ಹೆಚ್ಚು. ನಿಮ್ಮ ಬೀದಿಯ ಹಿರಿಯರು ಯಾವುದರಿಂದ ತೀರಿಕೊಂಡರೋ ನಾನು ಹೇಳಲಾರೆ. ಆದರೆ ಬೀಳುವ ಮೊದಲು ಅವರು ಅಂಗಡಿಗೆ ಒಬ್ಬರೇ ಹೋಗಿಬರುತ್ತಿದ್ದರೇ, ಎರಡು ಹೊತ್ತು ಸರಿಯಾಗಿ ಉಣ್ಣುತ್ತಿದ್ದರೇ ಎಂದು ಅವರ ಮನೆಯವರನ್ನು ವಿಚಾರಿಸಿ ನೋಡಿ. ಮುರಿತ ಎಷ್ಟು ತುಂಡಾಗಿದೆ ಎಂಬುದಕ್ಕಿಂತ ಆ ಎರಡು ಪ್ರಶ್ನೆಗಳ ಉತ್ತರ ಭವಿಷ್ಯವನ್ನು ಚೆನ್ನಾಗಿ ಹೇಳುತ್ತದೆ. ನಿಮ್ಮ ತಾಯಿಯ ವಿಷಯದಲ್ಲಿಯೂ ಅಷ್ಟೇ. ಹಿಂದಿನ ವಾರದವರೆಗೆ ತಮ್ಮ ಅಡುಗೆ, ಸ್ನಾನ, ಓಡಾಟ ತಾವೇ ನೋಡಿಕೊಳ್ಳುತ್ತಿದ್ದರೆ ನೀವು ಇಷ್ಟು ಹೆದರಬೇಕಿಲ್ಲ.

ಒಂದು ಬಗೆಯ ಮುರಿತದ ದಾರಿ ಮಾತ್ರ ಪೂರ್ತಿ ಬೇರೆ. ಬೀಳದೆಯೇ, ಕೊಡ ಎತ್ತುವಾಗಲೋ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗಲೋ ತೋಳು ಮುರಿದರೆ, ಅದಕ್ಕೂ ಮೊದಲು ವಾರಗಟ್ಟಲೆ ಅಲ್ಲೇ ನೋವಿದ್ದಿದ್ದರೆ, ಕ್ಯಾನ್ಸರ್ ಮೂಳೆಗೆ ಹರಡಿದೆಯೇ ಎಂದು ನೋಡಲೇಬೇಕು. ಸ್ತನ, ಶ್ವಾಸಕೋಶ, ಮೂತ್ರಪಿಂಡ, ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಮತ್ತು ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಹೀಗೆ ಮಾಡುತ್ತವೆ. ಉದ್ದ ಮೂಳೆಗಳ ಪೈಕಿ ತೊಡೆಮೂಳೆಯ ನಂತರ ಇವು ಹೆಚ್ಚಾಗಿ ಹಿಡಿಯುವುದು ತೋಳಿನ ಮೂಳೆಯನ್ನೇ. ಅಲ್ಲಿ ಆಯಸ್ಸನ್ನು ನಿರ್ಧರಿಸುವುದು ಮೂಲ ಕಾಯಿಲೆ. ನಿಮ್ಮ ತಾಯಿ ಬಿದ್ದೇ ಮುರಿದುಕೊಂಡಿದ್ದಾರೆ, ಎಕ್ಸ್‌ರೇ ನೋಡಿದ ಇಬ್ಬರು ವೈದ್ಯರೂ ಅಂಥ ಅನುಮಾನ ಹೇಳಿದಂತಿಲ್ಲ, ಆದ್ದರಿಂದ ಇದನ್ನು ಇಲ್ಲಿಗೇ ಬಿಡೋಣ. ಬೈಕಿನಿಂದ ಬಿದ್ದು ತೋಳು ಮುರಿದುಕೊಂಡ ಮೂವತ್ತರ ಯುವಕರದೂ ಬೇರೆ ಕಥೆ. ಅವರ ಜೀವಕ್ಕೆ ಅಪಾಯ ಬರುವುದು ಜೊತೆಗೇ ತಲೆಗೋ ಎದೆಗೋ ಆದ ಪೆಟ್ಟಿನಿಂದ.

ಈಗ ಆಪರೇಷನ್ ವಿಚಾರ. ಬ್ರಿಟನ್ನಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಹುಡುಕಲೆಂದು ‘ಪ್ರೊಫರ್’ ಎಂಬ ಪ್ರಯೋಗ ನಡೆಯಿತು. ಭುಜದ ಬಳಿ ಮುರಿದ ತುಂಡುಗಳು ಜಾಗದಿಂದ ಸರಿದಿದ್ದ 250 ಮಂದಿಯಲ್ಲಿ ಯಾರಿಗೆ ಶಸ್ತ್ರಚಿಕಿತ್ಸೆ, ಯಾರಿಗೆ ಜೋಳಿಗೆ ಪಟ್ಟಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಎರಡು ವರ್ಷ ಗಮನಿಸಿದರು. 2015ರಲ್ಲಿ ಫಲಿತಾಂಶ ಬಂತು: ನೋವಿನಲ್ಲಾಗಲಿ ಕೈಯ ಬಳಕೆಯಲ್ಲಾಗಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಆ ಎರಡು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 9 ಮಂದಿ, ಜೋಳಿಗೆ ಪಟ್ಟಿಯ ಗುಂಪಿನಲ್ಲಿ 5 ಮಂದಿ ತೀರಿಕೊಂಡರು. ಇಷ್ಟು ಸಣ್ಣ ಸಂಖ್ಯೆಯಿಂದ ಶಸ್ತ್ರಚಿಕಿತ್ಸೆಯೇ ಸಾವು ತಂದಿತು ಎಂದು ಹೇಳಲಾಗದು. ಆದರೆ ಆಪರೇಷನ್ ಜೀವ ಉಳಿಸುತ್ತದೆ ಎಂದು ಹೇಳಲು ಇದರಲ್ಲಿ ಏನೇನೂ ಆಧಾರವಿಲ್ಲ.

ಆದರೂ ನಿಮ್ಮ ಸಂಬಂಧಿಕರ ನಂಬಿಕೆ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಆಸ್ಪತ್ರೆಗಳ ದಾಖಲೆಗಳನ್ನು ಒಟ್ಟುಮಾಡಿ ನೋಡಿದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಿದಂತೆ ಕಾಣುವುದುಂಟು. ಅದರ ಗುಟ್ಟು ಸರಳ. ಅರಿವಳಿಕೆ ತಜ್ಞರು ಯಾರ ಹೃದಯ ಗಟ್ಟಿಯಾಗಿದೆಯೋ ಅವರನ್ನೇ ಶಸ್ತ್ರಚಿಕಿತ್ಸೆಗೆ ಒಪ್ಪುತ್ತಾರೆ, ತೀರ ದುರ್ಬಲರಾದವರನ್ನು ಪಟ್ಟಿ ಕಟ್ಟಿ ಮನೆಗೆ ಕಳುಹಿಸುತ್ತಾರೆ. ಮೊದಲೇ ಗಟ್ಟಿಯಿದ್ದವರು ಹೆಚ್ಚು ಬದುಕಿದರೆ ಆ ಕೀರ್ತಿ ಪ್ಲೇಟಿಗೆ ಸೇರಬಾರದು. ಇಂಥ ಅಂಕಿಗಳನ್ನು ತೋರಿಸಿ ರೋಗಿಯ ಮನೆಯವರನ್ನು ಒಪ್ಪಿಸುವುದು ನನಗೆ ಸರಿಕಾಣುವುದಿಲ್ಲ.

ಶಸ್ತ್ರಚಿಕಿತ್ಸೆ ಬೇಕೇ ಬೇಕಾದ ಸಂದರ್ಭಗಳಿವೆ. ತೋಳಿನ ಮೂಳೆಯ ತುದಿಯಲ್ಲಿರುವ ಗುಂಡು ಕೀಲಿನಿಂದ ಹೊರಬಿದ್ದು ಮತ್ತೆ ಕೂರದಿದ್ದರೆ, ಗುಂಡೇ ಸೀಳಿಹೋಗಿದ್ದರೆ, ಮೂಳೆ ಚರ್ಮ ಹರಿದು ಹೊರಬಂದಿದ್ದರೆ, ರಕ್ತನಾಳಕ್ಕೆ ಏಟಾಗಿದ್ದರೆ ಕಾಯುವಂತಿಲ್ಲ. ತುಂಬ ಚೂರಾದ ಮುರಿತಕ್ಕೆ ಇತ್ತೀಚೆಗೆ ‘ರಿವರ್ಸ್ ಶೋಲ್ಡರ್’ ಎಂಬ ಕೃತಕ ಕೀಲು ಹಾಕುತ್ತಾರೆ. ಫ್ರಾನ್ಸಿನ ಪಾಲ್ ಗ್ರಾಮೊಂ 1985ರ ಸುಮಾರಿಗೆ ರೂಪಿಸಿದ ಈ ಕೀಲಿನಲ್ಲಿ ಗುಂಡು ಮತ್ತು ಅದು ಕೂರುವ ಬಟ್ಟಲು ತಮ್ಮ ಜಾಗ ಅದಲುಬದಲು ಮಾಡಿಕೊಂಡಿರುತ್ತವೆ. ಹರಿದ ಸ್ನಾಯುಗಳ ನೆರವಿಲ್ಲದೆಯೂ ಕೈ ಮೇಲೇಳಲಿ ಎಂಬುದು ಅದರ ಹಿಂದಿನ ಲೆಕ್ಕ. ಕೈ ಎಷ್ಟು ಎತ್ತರಕ್ಕೆ ಏಳಬೇಕು, ಅದಕ್ಕಾಗಿ ಎಷ್ಟು ಅಪಾಯ ಮತ್ತು ಎಷ್ಟು ಖರ್ಚು ಒಪ್ಪಬಹುದು ಎಂಬುದೇ ಇಲ್ಲಿನ ಪ್ರಶ್ನೆ. ಆಯಸ್ಸು ಈ ಲೆಕ್ಕದಲ್ಲಿ ಬರುವುದಿಲ್ಲ. ಆದ್ದರಿಂದ ಪ್ಲೇಟು ಹಾಕಬೇಕೆಂದ ವೈದ್ಯರನ್ನು ಹೀಗೆ ಕೇಳಿ: “ಹಾಕಿದರೆ ಅಮ್ಮನಿಗೆ ಏನು ಮಾಡಲು ಆಗುತ್ತದೆ, ಹಾಕದಿದ್ದರೆ ಏನು ಮಾಡಲು ಆಗುವುದಿಲ್ಲ?” ಉತ್ತರ ಸ್ಪಷ್ಟವಾಗಿದ್ದರೆ ಯೋಚಿಸಿ. ಜೋಳಿಗೆ ಪಟ್ಟಿಯ ದಾರಿ ಹಿಡಿದವರಲ್ಲಿ ಬಹಳಷ್ಟು ಮಂದಿಗೆ ತುರುಬು ಕಟ್ಟಲು, ಮೇಲಿನ ಶೆಲ್ಫಿನ ಡಬ್ಬ ತೆಗೆಯಲು ಸ್ವಲ್ಪ ಕಷ್ಟ ಉಳಿಯುತ್ತದೆ. ಊಟ, ಸ್ನಾನ, ಸೀರೆ ಉಡುವುದು ಸಾಮಾನ್ಯವಾಗಿ ಮರಳಿ ಬರುತ್ತವೆ. ಅದೂ ಎಡಗೈ ಅಲ್ಲವೇ.

ಬೋರ್ಡು ಕಂಡು ‘ಪುತ್ತೂರು ಕಟ್ಟು’ ಹಾಕಿಸಲು ಹೊರಡುವವರಿಗೂ ಒಂದು ಮಾತು. ಭುಜದ ಬಳಿಯ ಮುರಿತ ಕಟ್ಟಿನ ಹಿಡಿತಕ್ಕೇ ಸಿಗುವುದಿಲ್ಲ. ಬಿದಿರ ದಬ್ಬೆ ಇಟ್ಟು ಬಿಗಿದರೆ ಮುಂಗೈ ಊದಿಕೊಳ್ಳುತ್ತದೆ, ಎಣ್ಣೆ ಹಾಕಿ ತಿಕ್ಕಿದರೆ ಕೂಡಿಕೊಳ್ಳುತ್ತಿರುವ ತುಂಡುಗಳು ಅಲುಗಾಡುತ್ತವೆ, ಆರು ವಾರ ಕಟ್ಟಿಯೇ ಇಟ್ಟರೆ ಭುಜ ಮರಗಟ್ಟುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಭುಜ ಬಿಗಿದುಕೊಳ್ಳುವುದು ಮೊದಲೇ ಹೆಚ್ಚು.

ಮುಂದಿನ ಆರು ವಾರಗಳಲ್ಲಿ ನೀವು ಮಾಡುವುದು ಪ್ಲೇಟಿಗಿಂತ ದೊಡ್ಡ ಚಿಕಿತ್ಸೆ ಎಂದರೆ ಉತ್ಪ್ರೇಕ್ಷೆಯಾಗದು. ಅಮ್ಮನನ್ನು ಹಾಸಿಗೆ ಹಿಡಿಸಬೇಡಿ. ಮುರಿದಿರುವುದು ಕೈ, ಕಾಲು ಚೆನ್ನಾಗಿದೆ. ಹಗಲೆಲ್ಲ ಕುರ್ಚಿಯಲ್ಲಿ ಕೂರಲಿ, ಯಾರಾದರೂ ಜೊತೆಗಿದ್ದು ದಿನಕ್ಕೆ ಹಲವು ಸಲ ನಡೆಸಲಿ. ಒಂದು ಕೈ ಪಟ್ಟಿಯಲ್ಲಿದ್ದಾಗ ನಡಿಗೆಯ ತೂಕ ತಪ್ಪುತ್ತದೆ. ಆದ್ದರಿಂದ ಬಲಗೈಗೆ ಊರುಗೋಲು ಕೊಡಿ. ರಾತ್ರಿ ಚಪ್ಪಟೆ ಮಲಗಿದರೆ ಭುಜ ಹಿಂದಕ್ಕೆ ಜಗ್ಗಿ ನೋವಾಗುತ್ತದೆ. ಬೆನ್ನಿಗೆ ದಿಂಬುಗಳನ್ನು ಒಟ್ಟಿ ಅರ್ಧ ಕೂತಂತೆ ಮಲಗಿಸಿ, ಮೊಣಕೈ ಕೆಳಗೂ ಒಂದು ಸಣ್ಣ ದಿಂಬು ಇಡಿ. ತೋಳಿನ ರಕ್ತ ಕೆಳಗಿಳಿದು ಮೊಣಕೈವರೆಗೆ, ಎದೆಯ ಪಕ್ಕದವರೆಗೆ ಚರ್ಮ ಕಪ್ಪುನೀಲಿಯಾಗುವುದು ಸಹಜ. ಅದನ್ನು ನೋಡಿ ಗಾಬರಿಯಾಗಬೇಡಿ. ಬಳೆ, ಉಂಗುರಗಳನ್ನು ಇನ್ನೂ ತೆಗೆದಿಲ್ಲವಾದರೆ ಇವತ್ತೇ ತೆಗೆಯಿರಿ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ಆಡಿಸಬೇಕು. ಭುಜವನ್ನು ಮೆಲ್ಲಗೆ ತೂಗಾಡಿಸುವ ವ್ಯಾಯಾಮವನ್ನು ಮುರಿತ ಸ್ಥಿರವಾಗಿದ್ದರೆ ಒಂದೆರಡು ವಾರಗಳಲ್ಲೇ ಆರಂಭಿಸಬಹುದು. ಎಕ್ಸ್‌ರೇ ಇನ್ನೊಮ್ಮೆ ತೆಗೆಸಿ ವೈದ್ಯರು ಒಪ್ಪಿದ ಮೇಲೆ ಶುರುಮಾಡಿ. ಬಗ್ಗಿದರೆ ತಲೆ ಸುತ್ತುವುದಾದರೆ ಕೂತೇ ಮಾಡಲಿ.

ನೋವಿನ ಮಾತ್ರೆಯಲ್ಲಿ ಎಚ್ಚರ ಬೇಕು. ಅಂಗಡಿಯಲ್ಲಿ ಕೇಳಿದರೆ ಡೈಕ್ಲೋಫೆನಾಕ್ ಬೆರೆತ ಮಾತ್ರೆ ಕೊಟ್ಟುಬಿಡುತ್ತಾರೆ. ಸಕ್ಕರೆ ಕಾಯಿಲೆಯಿದ್ದು, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್‌ನಂಥ ಮಾತ್ರೆಯ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುವವರಿಗೆ ಇದು ಮೂತ್ರಪಿಂಡವನ್ನೇ ಕೆಡಿಸಬಹುದು. ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಹೊತ್ತು ಹೊತ್ತಿಗೆ ತಪ್ಪದೆ ಕೊಡಿ, ಆದರೆ ಈ ವಯಸ್ಸಿನಲ್ಲಿ ದಿನಕ್ಕೆ ಒಟ್ಟು 3 ಗ್ರಾಂ ದಾಟಬೇಡಿ. ಟ್ರಮಡಾಲ್ ಎಂಬ ಬಲವಾದ ನೋವಿನ ಮಾತ್ರೆ ಕೊಟ್ಟಿದ್ದರೆ ಮಲಬದ್ಧತೆ, ಮಂಕು, ತಲೆಸುತ್ತು ಬರುತ್ತವೆಯೇ ನೋಡುತ್ತಿರಿ. ಊಟದಲ್ಲಿ ಬರೀ ಗಂಜಿ ಸಾಲದು. 50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೊಟೀನ್ ಬೇಕು. ಹೊತ್ತು ಹೊತ್ತಿಗೂ ಬೇಳೆ, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಮೊಳಕೆಕಾಳು ಇವುಗಳಲ್ಲಿ ಏನಾದರೂ ಇರಲಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಉಂಡು ಬೆಳೆದವರಿಗೆ ಕಾಯಿಲೆಯೆಂದು ಬ್ರೆಡ್ಡು ಕೊಡುವುದು ಯಾವ ಶಾಸ್ತ್ರವೋ ನನಗೆ ಗೊತ್ತಿಲ್ಲ.

ಈಗ ಆ ಎರಡು ಮಾತುಗಳಿಗೆ ಬರುತ್ತೇನೆ. ಬೆಳಗಿನ ಜಾವ ಎದ್ದು ಬಿದ್ದರು ಎಂದರೆ ನಾನು ಮೂರು ಅನುಮಾನ ಪಡುತ್ತೇನೆ. ನಿದ್ರೆ ಮಾತ್ರೆಯ ಅಮಲು ಇಳಿದಿರಲಿಲ್ಲವೇ? ಗ್ಲಿಮೆಪಿರೈಡ್‌ನಂಥ ಮಾತ್ರೆಯಿಂದಲೋ ಇನ್ಸುಲಿನ್‌ನಿಂದಲೋ ರಕ್ತದ ಸಕ್ಕರೆ ತೀರ ಇಳಿದಿತ್ತೇ? ಮಲಗಿದ್ದವರು ತಟ್ಟನೆ ಎದ್ದಾಗ ರಕ್ತದೊತ್ತಡ ಕುಸಿಯಿತೇ? ಮೂರನ್ನೂ ಮನೆಯಲ್ಲೇ ನೋಡಬಹುದು. ನಸುಕಿನಲ್ಲಿ ಎದ್ದ ಕೂಡಲೇ ಕೆಲವು ದಿನ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡಿ ಬರೆದಿಡಿ. ರಕ್ತದೊತ್ತಡವನ್ನು ಐದು ನಿಮಿಷ ಮಲಗಿದ ಮೇಲೆ ಒಮ್ಮೆ, ಎದ್ದುನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಒಮ್ಮೊಮ್ಮೆ ನೋಡಿ. ಇದನ್ನು ಮುರಿಯದ ಕೈಯಲ್ಲೇ ನೋಡಬೇಕು ಎಂದು ಹೇಳಬೇಕಿಲ್ಲವಷ್ಟೆ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಮಾತ್ರೆಗಳನ್ನು ಮರುಪರಿಶೀಲಿಸಬೇಕು. ಆ ಚೀಟಿ ಹಿಡಿದು, ಮೂಳೆ ವೈದ್ಯರ ಬಳಿಗಲ್ಲ, ಸಕ್ಕರೆ-ರಕ್ತದೊತ್ತಡ ನೋಡುವ ವೈದ್ಯರ ಬಳಿಗೆ ಹೋಗಿ. ನಿದ್ರೆ ಮಾತ್ರೆಯನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ವರ್ಷಗಟ್ಟಲೆ ತೆಗೆದುಕೊಂಡಿದ್ದರೆ ಅದನ್ನು ಹಂತಹಂತವಾಗಿ ಇಳಿಸಬೇಕು.

ಇದಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಅಮೆರಿಕದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭುಜದ ಬಳಿ ಮೂಳೆ ಮುರಿದವರಿಗೆ ಮುಂದಿನ ಒಂದು ವರ್ಷದಲ್ಲಿ ಸೊಂಟ ಮುರಿಯುವ ಅಪಾಯ ಉಳಿದವರಿಗಿಂತ ಐದು ಪಟ್ಟಿಗೂ ಹೆಚ್ಚಿತ್ತು. ವರ್ಷ ಕಳೆದ ಮೇಲೆ ಆ ಅಂತರ ಬಹಳ ಕಡಿಮೆಯಾಯಿತು. ತೋಳು ಮುರಿದವರ ಜೀವಕ್ಕೆ ಅಪಾಯ ಒಳಬರುವ ಬಾಗಿಲುಗಳಲ್ಲಿ ಇದೂ ಒಂದು. ಬಚ್ಚಲಿಗೆ ಹಿಡಿಕೆ ಹಾಕಿಸುವುದು, ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯುವುದು, ಒದ್ದೆ ನೆಲದ ಮೇಲೆ ಜಾರದ ಚಾಪೆ, ಕಾಲಿಗೆ ತೊಡರುವ ಕಾಲೊರಸು ತೆಗೆಯುವುದು, ಕಣ್ಣಿನ ಪೊರೆ ಇದ್ದರೆ ತೆಗೆಸುವುದು, ಇವುಗಳಿಗೆ ಪ್ಲೇಟಿನ ಖರ್ಚಿನ ಒಂದು ಪಾಲೂ ಆಗುವುದಿಲ್ಲ. ಆದರೂ ಪ್ಲೇಟಿಗೆ ಸಾಲ ಮಾಡುವ ಮನೆಗಳಲ್ಲಿ ಹಿಡಿಕೆ ಹಾಕಿಸಿದ್ದನ್ನು ಕಾಣುವುದು ಕಡಿಮೆ.

ಇನ್ನು ಮೂಳೆಯ ಬಲದ ವಿಚಾರ. ಪಟ್ಟಿ ಕಟ್ಟಿ ಕಳುಹಿಸುವ ಗಡಿಬಿಡಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಭಾಗ ಇದು. ಈ ವಯಸ್ಸಿನಲ್ಲಿ ನಿಂತ ಎತ್ತರದಿಂದ ಬಿದ್ದು ತೋಳಿನ ಮೂಳೆ ಮುರಿದರೆ ಅದು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ, ಎಂದೇ ತಿಳಿದು ಮುಂದುವರಿಯಬೇಕು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿದರೆ ಒಳ್ಳೆಯದು, ಸೌಲಭ್ಯ ಹತ್ತಿರದಲ್ಲಿಲ್ಲ ಎಂದು ಚಿಕಿತ್ಸೆ ನಿಲ್ಲಬಾರದು. ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆ ಇದೆ. ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಡನೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೊನಿಕ್ ಆ್ಯಸಿಡ್ 5 ಮಿಲಿಗ್ರಾಂ ಕೂಡ ಇದೆ. 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಸೊಂಟ ಮುರಿದು ಶಸ್ತ್ರಚಿಕಿತ್ಸೆಯಾದವರಿಗೆ ಇದನ್ನು ಕೊಟ್ಟಾಗ ಹೊಸ ಮುರಿತಗಳು ನೂರಕ್ಕೆ 35ರಷ್ಟು, ಸಾವುಗಳು ನೂರಕ್ಕೆ 28ರಷ್ಟು ಕಡಿಮೆಯಾದವು. ಈ ಎರಡನೆಯ ಅಂಕಿ ಆಗ ಎಲ್ಲರನ್ನೂ ಬೆರಗುಗೊಳಿಸಿತು. ಆದರೆ 2019ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಮೂಳೆಯ ಔಷಧಗಳಿಂದ ಸಾವು ಕಡಿಮೆಯಾಗುವುದು ಕಾಣಲಿಲ್ಲ. ಆದ್ದರಿಂದ ಆಯಸ್ಸು ಬೆಳೆಸುವ ಇಂಜೆಕ್ಷನ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಮುಂದಿನ ಮುರಿತ ತಡೆಯಲು ಕೊಡಿಸಿ. ಕೊಡುವ ಮೊದಲು ಮೂತ್ರಪಿಂಡದ ಪರೀಕ್ಷೆ ಆಗಬೇಕು, ವಿಟಮಿನ್ ಡಿ ಕೊರತೆ ಸರಿಯಾಗಿರಬೇಕು, ಮುರಿತವಾಗಿ ಕನಿಷ್ಠ ಎರಡು ವಾರ ಕಳೆದಿರಬೇಕು. ಹಲ್ಲು ಕೀಳಿಸುವುದಿದ್ದರೆ ಅದನ್ನೂ ಮೊದಲೇ ಮುಗಿಸಿಕೊಳ್ಳಿ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು.

ವಿಟಮಿನ್ ಡಿ ಬಗ್ಗೆಯೂ ಒಂದು ಎಚ್ಚರಿಕೆ. 60,000 ಯೂನಿಟ್ಟಿನ ಪೊಟ್ಟಣವನ್ನು ವೈದ್ಯರು ಹೇಳಿದಷ್ಟು ವಾರ ಕೊಟ್ಟು ನಿಲ್ಲಿಸಿ. ಹೆಚ್ಚು ಕೊಟ್ಟರೆ ಹೆಚ್ಚು ಬಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಿರಿಯ ಹೆಂಗಸರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಒಟ್ಟಿಗೆ ನುಂಗಿಸಿದವರು ಕಡಿಮೆ ಬೀಳುವ ಬದಲು ಹೆಚ್ಚು ಬಿದ್ದರು, ಹೆಚ್ಚು ಮುರಿದುಕೊಂಡರು.

ಕೊನೆಯದಾಗಿ, ಯಾವಾಗ ಕಾಯದೆ ಆಸ್ಪತ್ರೆಗೆ ಹೋಗಬೇಕು ಎಂಬುದು. ಕೈ ತಣ್ಣಗಾಗಿ ಬಿಳಿಚಿಕೊಂಡರೆ, ಬೆರಳುಗಳಲ್ಲಿ ಸ್ಪರ್ಶ ತಪ್ಪಿದರೆ, ಮಣಿಕಟ್ಟು ಜೋತುಬಿದ್ದು ಮೇಲೆತ್ತಲು ಆಗದಿದ್ದರೆ ಅದೇ ದಿನ ತೋರಿಸಿ. ಉಸಿರುಗಟ್ಟುವಿಕೆ, ಎದೆನೋವು, ಜ್ವರದೊಡನೆ ಕೆಮ್ಮು, ಮೂತ್ರ ಕಡಿಮೆಯಾಗುವುದು ಇವೂ ಹಾಗೆಯೇ. ಇದ್ದಕ್ಕಿದ್ದಂತೆ ತಾವೆಲ್ಲಿದ್ದೇವೆ ಎಂಬುದೇ ತಿಳಿಯದಂತೆ ಅಮ್ಮ ಅಸಂಬದ್ಧ ಮಾತಾಡತೊಡಗಿದರೆ, ವಯಸ್ಸಾಯಿತಲ್ಲ ಎಂದು ಬಿಡಬೇಡಿ. ಅದು ಸೋಂಕು, ಸೋಡಿಯಂ ಇಳಿತ, ಮಾತ್ರೆಯ ಅಡ್ಡಪರಿಣಾಮ, ಬೀಳುವಾಗ ತಲೆಗಾದ ಪೆಟ್ಟು ಇವುಗಳಲ್ಲಿ ಯಾವುದೂ ಆಗಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಅಲ್ಲಿನ ವೈದ್ಯರಿಗೆ ಮೊದಲೇ ಹೇಳಿ. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ.